ಗೇಮ್ ಕನ್ಸೋಲ್ 'ಜೈಲ್‌ಬ್ರೇಕ್' ಮಾಡಿದ್ರೆ ಕೇಸ್ ಬೀಳುತ್ತಾ? ಅಂಗಡಿಯವರು, ಪೋಷಕರು ತಿಳಿದಿರಬೇಕಾದ ಕಾನೂನು

ಹಳೇ ಪ್ಲೇಸ್ಟೇಷನ್ ಒಂದನ್ನು ಬ್ಯಾಗಲ್ಲಿ ಹಾಕಿಕೊಂಡು ಬಂದ ಹುಡುಗ ಅದನ್ನು ಮೊಬೈಲ್ ರಿಪೇರಿ ಅಂಗಡಿಯ ಕೌಂಟರ್ ಮೇಲೆ ಇಡ್ತಾನೆ. 'ಅಣ್ಣಾ, ಇದನ್ನ ಜೈಲ್‌ಬ್ರೇಕ್ ಮಾಡ್ಕೊಡಿ, ಹಾಗೇ ಒಂದಿಪ್ಪತ್ತು ಗೇಮ್ ಹಾಕ್ಕೊಡಿ. ಎಷ್ಟಾಗತ್ತೆ?' ಅಂತಾನೆ. ಅಂಗಡಿಯವರ ಕಣ್ಣಿಗೆ ಇದು ಒಂದೇ ಕೆಲಸ, ಒಂದೇ ಬಿಲ್. ಕಾನೂನಿನ ಕಣ್ಣಿಗೆ ಮಾತ್ರ ಇವು ಎರಡು ಬೇರೆ ಬೇರೆ ಕೆಲಸ. ಬೀಗ ತೆಗೆಯುವುದು ಒಂದು, ದುಡ್ಡು ಕೊಡದ ಆಟಗಳನ್ನು ಒಳಗೆ ತುಂಬುವುದು ಇನ್ನೊಂದು. ಮೊದಲನೆಯದಕ್ಕೆ ವಾದ ಮಾಡಲು ಜಾಗ ಇದೆ. ಎರಡನೆಯದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

'ನನ್ನ ದುಡ್ಡಲ್ಲಿ ತಗೊಂಡ ಯಂತ್ರ, ನಾನು ಏನಾದ್ರೂ ಮಾಡ್ಕೋತೀನಿ, ಕಂಪನಿ ಯಾರು ಕೇಳೋಕೆ?' ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಪೆಟ್ಟಿಗೆ ನಿಮ್ಮದು, ಅದರಲ್ಲಿ ಅನುಮಾನ ಇಲ್ಲ. ಆದರೆ ಅದರೊಳಗಿನ ಸಾಫ್ಟ್‌ವೇರ್ ಮತ್ತು ಆಟಗಳ ಹಕ್ಕುಸ್ವಾಮ್ಯ ಕಂಪನಿಯ ಬಳಿಯೇ ಉಳಿದಿರುತ್ತೆ. ಪುಸ್ತಕ ಕೊಂಡವರು ಆ ಪ್ರತಿಗೆ ಮಾಲೀಕರು, ಜೆರಾಕ್ಸ್ ಮಾಡಿ ಮಾರಲು ಮಾಲೀಕರಲ್ಲ. ಇಲ್ಲೂ ಹಾಗೇ.

ಬೀಗ ಅಂದ್ರೆ ಏನು?

ಕನ್ಸೋಲ್ ಅಂದರೆ ಒಂದು ಕಂಪ್ಯೂಟರ್ರೇ. ವ್ಯತ್ಯಾಸ ಇಷ್ಟೇ, ಕಂಪನಿಯ ಡಿಜಿಟಲ್ ಸಹಿ ಇರುವ ಪ್ರೋಗ್ರಾಂ ಬಿಟ್ಟು ಬೇರೇನನ್ನೂ ಅದು ಓಡಿಸುವುದಿಲ್ಲ. ಮೊದಲ ಪ್ಲೇಸ್ಟೇಷನ್‌ನಲ್ಲಿ ಈ ಬೀಗ ಬಹಳ ಸರಳವಾಗಿತ್ತು. ಕಾರ್ಖಾನೆಯಲ್ಲಿ ತಯಾರಾದ ಡಿಸ್ಕ್‌ನ ಒಳಸುತ್ತಿನಲ್ಲಿ ಒಂದು ಗುಪ್ತ ಸಂಕೇತ ಇರುತ್ತಿತ್ತು. ಮನೆಯ ಕಂಪ್ಯೂಟರಿನಲ್ಲಿ ಬರೆದ ಸಿಡಿಗೆ ಆ ಸಂಕೇತ ಬರುತ್ತಿರಲಿಲ್ಲ, ಹಾಗಾಗಿ ಯಂತ್ರ ಅದನ್ನು ಒಪ್ಪುತ್ತಿರಲಿಲ್ಲ. ಒಂದು ಕಾಲಕ್ಕೆ 'ಚಿಪ್ ಹಾಕಿಸಿದ ಸೆಟ್' ಅಂತ ಹೇಳುತ್ತಿದ್ದೆವಲ್ಲ, ಆ ಚಿಪ್ ಮಾಡುತ್ತಿದ್ದ ಕೆಲಸ ಇದೇ. ಡಿಸ್ಕ್‌ನಲ್ಲಿ ಇಲ್ಲದ ಸಂಕೇತವನ್ನು ತಾನೇ ಯಂತ್ರಕ್ಕೆ ಕೊಟ್ಟು ನಂಬಿಸುವುದು. ಈಗಿನ ಯಂತ್ರಗಳಲ್ಲಿ ಬೆಸುಗೆ ಹಾಕುವ ಕೆಲಸ ಕಡಿಮೆ. ಯಂತ್ರದ ಸಾಫ್ಟ್‌ವೇರಿನಲ್ಲಿ ಉಳಿದುಹೋದ ದೋಷವನ್ನೇ ಬಳಸಿ ಸಹಿ ಪರೀಕ್ಷೆಯನ್ನು ದಾಟಿಸುತ್ತಾರೆ. ಅದಕ್ಕೇ ಜೈಲ್‌ಬ್ರೇಕ್ ಅನ್ನುವ ಹೆಸರು.

ಈ ವಿಷಯದಲ್ಲಿ ಜಗತ್ತೇ ಗಮನಿಸಿದ ಕೇಸ್

ಕಂಪನಿಗೆ ಎಷ್ಟರ ಮಟ್ಟಿಗೆ ಕೇಸ್ ಹಾಕಲು ಆಗುತ್ತೆ ಅನ್ನೋದು ಗೊತ್ತಾಗಬೇಕಾದರೆ ಅಮೆರಿಕದಲ್ಲಿ 2011ರಲ್ಲಿ ನಡೆದ ಸೋನಿ ಮತ್ತು ಜಾರ್ಜ್ ಹಾಟ್ಜ್ ಪ್ರಕರಣ ನೋಡಬೇಕು.

ಪ್ಲೇಸ್ಟೇಷನ್ 3 ಬಂದಾಗ ಸೋನಿ ಅದರಲ್ಲಿ 'ಅದರ್ ಓಎಸ್' ಎಂಬ ಸೌಲಭ್ಯ ಕೊಟ್ಟಿತ್ತು. ಬೇಕಾದವರು ಲಿನಕ್ಸ್ ಹಾಕಿಕೊಂಡು ಅದನ್ನು ಕಂಪ್ಯೂಟರ್ ಥರ ಬಳಸಬಹುದಿತ್ತು. ಅಮೆರಿಕದ ವಾಯುಪಡೆಯ ಸಂಶೋಧನಾಲಯ ಸಾವಿರದ ಏಳುನೂರಕ್ಕೂ ಹೆಚ್ಚು ಪಿಎಸ್3 ಪೆಟ್ಟಿಗೆಗಳನ್ನು ಜೋಡಿಸಿ ಸೂಪರ್ ಕಂಪ್ಯೂಟರ್ ಮಾಡಿಕೊಂಡಿತ್ತು ಅಂದರೆ ನೋಡಿ! ಆದರೆ 2010ರ ಏಪ್ರಿಲ್ 1ರಂದು ಬಿಟ್ಟ 3.21 ಅಪ್‌ಡೇಟ್‌ನಲ್ಲಿ ಸೋನಿ ಭದ್ರತೆಯ ಕಾರಣ ಹೇಳಿ ಆ ಸೌಲಭ್ಯವನ್ನೇ ಕಿತ್ತುಹಾಕಿತು. ಅಪ್‌ಡೇಟ್ ಬೇಡ ಅಂದವರಿಗೆ ಆನ್‌ಲೈನ್ ಆಟ ಬಂದ್. ಅಂದರೆ ದುಡ್ಡು ಕೊಟ್ಟು ಕೊಂಡ ವಸ್ತುವಿನ ಒಂದು ಭಾಗವನ್ನು ಮಾರಿದವರೇ ಆಮೇಲೆ ವಾಪಸ್ ತೆಗೆದುಕೊಂಡ ಹಾಗಾಯಿತು. ನನ್ನ ಮಟ್ಟಿಗೆ ಇಡೀ ಜಗಳದ ಬೇರು ಇಲ್ಲೇ ಇದೆ. ಮುಂದೆ ಗ್ರಾಹಕರೂ ಅಮೆರಿಕದಲ್ಲಿ ಸೋನಿ ಮೇಲೆ ಕೇಸ್ ಹಾಕಿದರು. ವರ್ಷಗಟ್ಟಲೆ ಎಳೆದ ಆ ಕೇಸ್ ರಾಜಿಯಲ್ಲಿ ಮುಗಿಯಿತು.

2010ರ ಡಿಸೆಂಬರ್ ಕೊನೆಯಲ್ಲಿ ಜರ್ಮನಿಯ ಒಂದು ಹ್ಯಾಕರ್ ಸಮಾವೇಶದಲ್ಲಿ 'ಫೇಲ್‌ಓವರ್‌ಫ್ಲೋ' ಎಂಬ ತಂಡ ಪಿಎಸ್3 ಬೀಗದ ದೋಷವನ್ನು ಬಯಲು ಮಾಡಿತು. ಡಿಜಿಟಲ್ ಸಹಿ ಹಾಕುವಾಗ ಪ್ರತಿ ಸಲವೂ ಹೊಸದೊಂದು ಗುಟ್ಟಿನ ಸಂಖ್ಯೆ ಬಳಸಬೇಕು. ಸೋನಿ ಪ್ರತಿ ಸಲವೂ ಅದೇ ಸಂಖ್ಯೆಯನ್ನು ಬಳಸಿಬಿಟ್ಟಿತ್ತು. ಸಹಿ ಹಾಕಿದ ಎರಡು ಫೈಲ್ ಸಿಕ್ಕರೆ ಸಾಕು, ಸಹಿ ಹಾಕುವ ಗುಪ್ತ ಕೀಲಿಯನ್ನೇ ಲೆಕ್ಕ ಹಾಕಿ ತೆಗೆಯಬಹುದಿತ್ತು. ಕೋಟ್ಯಂತರ ಮನೆಗೆ ಹೋದ ಯಂತ್ರದ ಬೀಗ, ಇಂಥಾ ತಪ್ಪು! ಕೆಲವೇ ದಿನದಲ್ಲಿ, 2011ರ ಜನವರಿಯಲ್ಲಿ, ಹಾಟ್ಜ್ ಎಂಬ ಯುವಕ ಯಂತ್ರದ ಮೂಲ ಕೀಲಿಯನ್ನು ತನ್ನ ಸೈಟಿನಲ್ಲಿ ಹಾಕಿದ. 2007ರಲ್ಲಿ, ಹದಿನೇಳನೇ ವಯಸ್ಸಿಗೇ, ಐಫೋನ್ ಅನ್‌ಲಾಕ್ ಮಾಡಿ ಹೆಸರಾಗಿದ್ದವನು ಇವನು. ಕಳ್ಳ ಆಟಗಳಿಗೆ ತನ್ನ ಬೆಂಬಲ ಇಲ್ಲ ಅಂತ ಹೇಳಿಕೊಂಡಿದ್ದ.

ಸೋನಿ ಜನವರಿ 11ಕ್ಕೇ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ಮೊಕದ್ದಮೆ ಹೂಡಿತು. ಆತ ಇದ್ದದ್ದು ದೇಶದ ಇನ್ನೊಂದು ತುದಿಯ ನ್ಯೂಜೆರ್ಸಿಯಲ್ಲಿ. 'ನನ್ನ ಮೇಲೆ ಅಲ್ಲಿ ಕೇಸ್ ಹೇಗೆ ಹಾಕ್ತೀರಿ?' ಅಂತ ಆತನ ವಕೀಲರು ವಾದಿಸಿದರು. ಅದು ಇತ್ಯರ್ಥವಾಗುವ ಮೊದಲೇ ತಾತ್ಕಾಲಿಕ ತಡೆಯಾಜ್ಞೆ ಬಂತು. ಆತನ ಸೈಟ್ ನೋಡಿದವರ ಐಪಿ ವಿಳಾಸ, ಪೇಪಾಲ್ ಖಾತೆಯ ವಿವರ ಪಡೆಯಲೂ ಸೋನಿಗೆ ಕೋರ್ಟ್ ಅನುಮತಿ ಕೊಟ್ಟಿತು. ಏಪ್ರಿಲ್‌ನಲ್ಲಿ ರಾಜಿ ಪ್ರಕಟವಾಯಿತು. ಹಾಟ್ಜ್ ತಪ್ಪು ಒಪ್ಪಿಕೊಳ್ಳಲಿಲ್ಲ, ಆದರೆ ಸೋನಿ ಉತ್ಪನ್ನದ ಬೀಗಕ್ಕೆ ಇನ್ನು ಕೈ ಹಾಕುವುದಿಲ್ಲ ಅಂತ ಶಾಶ್ವತ ತಡೆಯಾಜ್ಞೆಗೆ ಒಪ್ಪಿಕೊಂಡ. ಜೈಲ್‌ಬ್ರೇಕ್ ಸರಿಯೋ ತಪ್ಪೋ ಅನ್ನುವುದರ ಬಗ್ಗೆ ತೀರ್ಪು ಬರಲೇ ಇಲ್ಲ.

ಗೊತ್ತಿರಬೇಕಾದ ಸಂಗತಿ ಇದು: ಕಂಪನಿ ಗೆಲ್ಲಲೇಬೇಕಿಲ್ಲ, ಕೇಸ್ ಹಾಕಿದರೇ ಸಾಕು. ವಕೀಲರ ಫೀಸು, ದೂರದ ಕೋರ್ಟಿಗೆ ಓಡಾಟ, ಕಂಪ್ಯೂಟರನ್ನು ಕೋರ್ಟಿನ ವಶಕ್ಕೆ ಕೊಡುವುದು, ಇಷ್ಟರಲ್ಲೇ ಒಬ್ಬ ಸಾಮಾನ್ಯ ಮನುಷ್ಯ ಸುಸ್ತಾಗುತ್ತಾನೆ. ಸೋನಿಗೂ ಏನೂ ಸುಖವಾಗಲಿಲ್ಲ ಬಿಡಿ. ಅದೇ ಏಪ್ರಿಲ್ 20ಕ್ಕೆ ಅದರ ಪ್ಲೇಸ್ಟೇಷನ್ ನೆಟ್‌ವರ್ಕ್‌ಗೆ ಯಾರೋ ನುಗ್ಗಿದ್ದರಿಂದ ಸೇವೆ ಮೂರು ವಾರಕ್ಕೂ ಹೆಚ್ಚು ಕಾಲ ನಿಂತಿತು, ಸುಮಾರು 7.7 ಕೋಟಿ ಖಾತೆಗಳ ಮಾಹಿತಿ ಸೋರಿತು. ತನಗೂ ಆ ದಾಳಿಗೂ ಸಂಬಂಧ ಇಲ್ಲ ಅಂತ ಹಾಟ್ಜ್ ಹೇಳಿದ್ದ.

ಕಂಪನಿ ಸೋತದ್ದೂ ಉಂಟು

ಆಸ್ಟ್ರೇಲಿಯಾದಲ್ಲಿ ಪ್ಲೇಸ್ಟೇಷನ್‌ಗೆ ಚಿಪ್ ಹಾಕಿ ಮಾರುತ್ತಿದ್ದವರ ಮೇಲೆ ಸೋನಿ ಹಾಕಿದ ಕೇಸ್ ಅಲ್ಲಿನ ಅತ್ಯುನ್ನತ ಕೋರ್ಟಿಗೆ ಹೋಗಿ, 2005ರಲ್ಲಿ ಸೋನಿ ಸೋತಿತು. ಕೋರ್ಟ್ ಹಿಡಿದ ಎಳೆ ಸೂಕ್ಷ್ಮವಾಗಿದೆ. ನಕಲು ಆಗುವುದು ಡಿಸ್ಕ್ ಬರೆಯುವಾಗ. ಯಂತ್ರದ ಬೀಗ ತಡೆಯುವುದು ನಕಲು ಮಾಡುವುದನ್ನಲ್ಲ, ಆಗಲೇ ಮಾಡಿದ ನಕಲನ್ನು ಆಡುವುದನ್ನು. ಹಾಗಾಗಿ ಆಗಿನ ಕಾಯ್ದೆ ಹೇಳುತ್ತಿದ್ದ 'ಹಕ್ಕು ರಕ್ಷಿಸುವ ತಾಂತ್ರಿಕ ಕ್ರಮ' ಇದಲ್ಲ ಅಂತ ತೀರ್ಮಾನವಾಯಿತು. ಅಮೆರಿಕದ ಜತೆಗಿನ ವ್ಯಾಪಾರ ಒಪ್ಪಂದದ ಕಾರಣಕ್ಕೆ ಆಸ್ಟ್ರೇಲಿಯಾ ಆಮೇಲೆ ಕಾಯ್ದೆಯನ್ನೇ ಬಿಗಿ ಮಾಡಿಕೊಂಡಿತು, ಅದು ಬೇರೆ ಮಾತು.

ಅಮೆರಿಕದ 1998ರ ಕಾಯ್ದೆಯಲ್ಲಿ ಬೀಗ ಮುರಿಯುವುದೂ ತಪ್ಪು, ಮುರಿಯುವ ಸಾಧನ ಮಾರುವುದೂ ತಪ್ಪು. ಅಲ್ಲಿ 2010ರಲ್ಲೇ ಮೊಬೈಲ್ ಜೈಲ್‌ಬ್ರೇಕ್‌ಗೆ ವಿನಾಯಿತಿ ಸಿಕ್ಕಿತು. ಕನ್ಸೋಲ್‌ಗೆ ಕೇಳಿದಾಗ ಸಿಗಲಿಲ್ಲ. 2021ರಲ್ಲಿ ಸಿಕ್ಕಿದ್ದು ಒಂದು ಚೂರು: ಕೆಟ್ಟುಹೋದ ಡಿಸ್ಕ್ ಡ್ರೈವ್ ರಿಪೇರಿಗೆ ಮಾತ್ರ ಬೀಗ ದಾಟಬಹುದು, ಕೆಲಸ ಮುಗಿದ ಮೇಲೆ ಬೀಗ ಮತ್ತೆ ಮೊದಲಿನಂತೆ ಇರಬೇಕು.

ದುಡ್ಡಿಗಾಗಿ ದೊಡ್ಡ ಪ್ರಮಾಣದಲ್ಲಿ ಮಾಡಿದವರ ಗತಿ ಬೇರೆಯೇ. ನಿಂಟೆಂಡೊ ಯಂತ್ರಗಳ ಬೀಗ ಮುರಿಯುವ ಸಾಧನ ಮಾರುತ್ತಿದ್ದ 'ಟೀಮ್ ಎಕ್ಸಿಕ್ಯೂಟರ್' ಗುಂಪಿನ ಕೆನಡಾದ ಗ್ಯಾರಿ ಬೌಸರ್‌ಗೆ 2022ರಲ್ಲಿ ಅಮೆರಿಕದ ಕೋರ್ಟ್ 40 ತಿಂಗಳು ಜೈಲು ವಿಧಿಸಿತು. ಪ್ರತ್ಯೇಕ ಸಿವಿಲ್ ಕೇಸಿನಲ್ಲಿ ನಿಂಟೆಂಡೊಗೆ 1 ಕೋಟಿ ಡಾಲರ್ ಕೊಡಲು ಆತ ಒಪ್ಪಬೇಕಾಯಿತು. (ಮಾರಿಯೋ ಆಟದ ಖಳನಾಯಕನ ಹೆಸರೂ ಬೌಸರ್ರೇ. ಕಾಕತಾಳೀಯ.) 2024ರಲ್ಲಿ ನಿಂಟೆಂಡೊ ಆಟಗಳನ್ನು ಕಂಪ್ಯೂಟರಿನಲ್ಲೇ ಓಡಿಸುವ 'ಯುಜು' ಸಾಫ್ಟ್‌ವೇರ್ ತಯಾರಿಸಿದವರು ಕೇಸ್ ಬಿದ್ದ ಒಂದೇ ವಾರಕ್ಕೆ 24 ಲಕ್ಷ ಡಾಲರ್ ಕೊಡಲು ಒಪ್ಪಿ ಅಂಗಡಿ ಮುಚ್ಚಿದರು.

ನಮ್ಮ ಕಾಯ್ದೆ ಏನು ಹೇಳುತ್ತೆ?

ನಮ್ಮಲ್ಲಿ ಇದಕ್ಕೆ ಇರುವುದು 1957ರ ಹಕ್ಕುಸ್ವಾಮ್ಯ ಕಾಯ್ದೆ. 2012ರ ತಿದ್ದುಪಡಿಯಲ್ಲಿ ಅದಕ್ಕೆ 65ಎ ಕಲಂ ಸೇರಿತು. ಹಕ್ಕುಸ್ವಾಮ್ಯ ರಕ್ಷಿಸಲು ಹಾಕಿದ ತಾಂತ್ರಿಕ ಬೀಗವನ್ನು, ಆ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ದಾಟಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ.

'ಉಲ್ಲಂಘಿಸುವ ಉದ್ದೇಶದಿಂದ' ಅನ್ನುವ ಪದಗಳ ಮೇಲೇ ಎಲ್ಲ ನಿಂತಿದೆ. ಅಮೆರಿಕದಲ್ಲಿ ಬೀಗ ಮುರಿದದ್ದೇ ತಪ್ಪಾಗಬಹುದು. ನಮ್ಮಲ್ಲಿ ಯಾಕೆ ಮುರಿದೆ ಅನ್ನುವುದು ಮುಖ್ಯ. ತನ್ನ ಹಳೇ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡು ಪ್ರೋಗ್ರಾಮಿಂಗ್ ಕಲಿಯುವ ಕಾಲೇಜು ಹುಡುಗಿಗೂ, ಹಾರ್ಡ್‌ಡಿಸ್ಕ್ ತುಂಬ ಕದ್ದ ಆಟ ಹಾಕಿ ಕೊಡುವ ಅಂಗಡಿಗೂ ಈ ಕಲಂ ಒಂದೇ ರೀತಿ ಅನ್ವಯಿಸುವುದಿಲ್ಲ. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಬೀಗ ದಾಟುವುದು, ನ್ಯಾಯವಾಗಿ ಪಡೆದ ಪ್ರತಿ ಇಟ್ಟುಕೊಂಡು ಎನ್‌ಕ್ರಿಪ್ಶನ್ ಸಂಶೋಧನೆ, ಮಾಲೀಕರ ಅನುಮತಿ ಪಡೆದು ಭದ್ರತಾ ಪರೀಕ್ಷೆ, ಇವಕ್ಕೆಲ್ಲ ಅದೇ ಕಲಂನಲ್ಲೇ ವಿನಾಯಿತಿ ಇದೆ. ಹಾಗೆಯೇ 52ನೇ ಕಲಂ ಪ್ರಕಾರ, ನ್ಯಾಯವಾಗಿ ಕೊಂಡ ಕಂಪ್ಯೂಟರ್ ಪ್ರೋಗ್ರಾಂ ಹಾಳಾಗದಂತೆ ಬ್ಯಾಕಪ್ ಪ್ರತಿ ಇಟ್ಟುಕೊಳ್ಳುವುದು ಉಲ್ಲಂಘನೆ ಅಲ್ಲ. ಆದರೆ ಆಟದಲ್ಲಿ ಪ್ರೋಗ್ರಾಂ ಜತೆಗೆ ಸಂಗೀತ, ಚಿತ್ರ, ದೃಶ್ಯವೂ ಇರುತ್ತೆ. ಹಾಗಾಗಿ ಈ ವಿನಾಯಿತಿ ಇಡೀ ಆಟಕ್ಕೆ ಅನ್ವಯಿಸುತ್ತೆ ಅಂತ ಕಣ್ಣುಮುಚ್ಚಿ ನಂಬಬೇಡಿ. ಇಂಟರ್‌ನೆಟ್‌ನಿಂದ ಇಳಿಸಿಕೊಂಡದ್ದಂತೂ 'ಬ್ಯಾಕಪ್' ಅಲ್ಲವೇ ಅಲ್ಲ.

ಅಂಗಡಿಯವರಿಗೆ ನಿಜವಾದ ಅಪಾಯ 65ಎ ಅಲ್ಲ, 63ನೇ ಕಲಂ. ಗೊತ್ತಿದ್ದೂ ಹಕ್ಕುಸ್ವಾಮ್ಯ ಉಲ್ಲಂಘಿಸಿದರೆ, ಅಥವಾ ಉಲ್ಲಂಘನೆಗೆ ಕುಮ್ಮಕ್ಕು ಕೊಟ್ಟರೆ, ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಸ್ಪಷ್ಟ ಮಾಡಿದೆ. ಅಲ್ಲಿಯವರೆಗೆ ಈ ಬಗ್ಗೆ ಬೇರೆ ಬೇರೆ ಹೈಕೋರ್ಟುಗಳು ಬೇರೆ ಬೇರೆ ಹೇಳುತ್ತಿದ್ದವು. 'ಎಲ್ಲರೂ ಮಾಡ್ತಾರೆ, ಸ್ಟೇಷನ್ ಬೇಲ್ ಆಗತ್ತೆ' ಅನ್ನುವ ಧೈರ್ಯ ಈಗ ನಡೆಯೋದಿಲ್ಲ.

ಕಳ್ಳ ಪ್ರತಿ ಅಂತ ಗೊತ್ತಿದ್ದೂ ಬಳಸುವವರಿಗೂ 63ಬಿ ಕಲಂ ಇದೆ. ಏಳು ದಿನದಿಂದ ಮೂರು ವರ್ಷದವರೆಗೆ ಜೈಲು ಮತ್ತು ದಂಡ. ವ್ಯಾಪಾರಕ್ಕಲ್ಲದೆ, ಲಾಭಕ್ಕಲ್ಲದೆ ಬಳಸಿದ್ದಾದರೆ ಕೋರ್ಟ್ ಜೈಲು ಬಿಟ್ಟು 50 ಸಾವಿರದವರೆಗಿನ ದಂಡಕ್ಕೇ ನಿಲ್ಲಿಸಬಹುದು. ಮನೆಯಲ್ಲಿ ಆಡುವ ಮಕ್ಕಳ ಪೋಷಕರು ಇಷ್ಟು ತಿಳಿದಿದ್ದರೆ ಸಾಕು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಹ್ಯಾಕಿಂಗ್ ಕಲಂ ಬೀಳುತ್ತಾ ಅಂತ ಕೆಲವರು ಕೇಳ್ತಾರೆ. ಆ ಕಾಯ್ದೆಯ 43ನೇ ಕಲಂ ಹೇಳುವುದು ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರಿಗೆ ಕೈ ಹಾಕುವುದರ ಬಗ್ಗೆ. ನಿಮ್ಮ ಯಂತ್ರಕ್ಕೆ ನೀವೇ ಮಾಲೀಕರಾದ್ದರಿಂದ ಅದನ್ನು ಇಲ್ಲಿ ಎಳೆದು ತರುವುದು ಕಷ್ಟ. ಆದರೆ ಜೈಲ್‌ಬ್ರೇಕ್ ಮಾಡಿದ ಯಂತ್ರದಿಂದ ಕಂಪನಿಯ ಸರ್ವರಿಗೋ ಬೇರೆಯವರ ಖಾತೆಗೋ ನುಗ್ಗಿದರೆ ಕಥೆ ಬೇರೆ. 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಜಪಾನ್ ಕಂಪನಿ ಇಲ್ಲಿ ಕೇಸ್ ಹಾಕಬಹುದಾ?

ಹಾಕಬಹುದು. ಭಾರತ ಬರ್ನ್ ಒಪ್ಪಂದದ ಸದಸ್ಯ ದೇಶ. 1999ರ ಅಂತರರಾಷ್ಟ್ರೀಯ ಹಕ್ಕುಸ್ವಾಮ್ಯ ಆದೇಶದ ಪ್ರಕಾರ ಜಪಾನ್, ಅಮೆರಿಕದ ಆಟಗಳಿಗೂ ನಮ್ಮಲ್ಲಿ ರಕ್ಷಣೆ ಇದೆ. ಇದು ಬರೀ ಪುಸ್ತಕದ ಮಾತಲ್ಲ. 2012ರಲ್ಲಿ ಸೋನಿಯ ಯುರೋಪ್ ಕಂಪನಿ, ಪ್ಲೇಸ್ಟೇಷನ್ ಯಂತ್ರಗಳನ್ನು ಮಾರ್ಪಡಿಸಿ ನಕಲಿ ಆಟ ಆಡಿಸುವಂತೆ ಮಾಡುತ್ತಿದ್ದವರ ಮೇಲೆ ದೆಹಲಿ ಹೈಕೋರ್ಟಿಗೆ ಹೋಗಿ ಮಧ್ಯಂತರ ತಡೆಯಾಜ್ಞೆ ತಂದಿತ್ತು.

ಸಿವಿಲ್ ದಾವೆಯಲ್ಲಿ ಕಂಪನಿ ಕೇಳುವುದು ಸಾಮಾನ್ಯವಾಗಿ ಮೂರು: ಕೆಲಸ ನಿಲ್ಲಿಸಲು ತಡೆಯಾಜ್ಞೆ, ನಷ್ಟ ಪರಿಹಾರ, ಗಳಿಸಿದ ಲಾಭದ ಲೆಕ್ಕ. ಇದು ತಾಲ್ಲೂಕು ಕೋರ್ಟಿನಲ್ಲಿ ನಡೆಯುವುದಿಲ್ಲ, ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹಾಕುವಂತಿಲ್ಲ. ಕ್ರಿಮಿನಲ್ ಕೇಸ್ ಮಾತ್ರ ನಮ್ಮ ತಾಲ್ಲೂಕಿನ ಜೆಎಂಎಫ್‌ಸಿ ಕೋರ್ಟಿನಲ್ಲೇ ನಡೆಯಬಹುದು. ಎರಡೂ ಒಟ್ಟಿಗೆ ನಡೆಯಲೂ ಅಡ್ಡಿ ಇಲ್ಲ. ಇನ್ನೊಂದು ತೊಂದರೆ ಅಂದರೆ, ಹಕ್ಕುಸ್ವಾಮ್ಯದ ಕೇಸನ್ನು ಕಂಪನಿ ತಾನು ವ್ಯವಹಾರ ನಡೆಸುವ ಊರಿನಲ್ಲೂ ಹಾಕಬಹುದು. 2015ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಂದಷ್ಟು ಮಿತಿ ಹಾಕಿದೆ, ಆದರೂ ದೆಹಲಿ ಕೋರ್ಟಿನಿಂದ ನೋಟಿಸ್ ಬಂದರೆ 'ನಮಗೂ ಅದಕ್ಕೂ ಏನು ಸಂಬಂಧ' ಅಂತ ಕಪಾಟಿನ ಮೇಲೆ ಎತ್ತಿಡಬೇಡಿ. ಹಾಜರಾಗದಿದ್ದರೆ ಏಕಪಕ್ಷೀಯವಾಗಿ ಆದೇಶ ಆಗುತ್ತೆ.

ಕೋರ್ಟಿಗೆ ಹೋಗದೆಯೂ ಕಂಪನಿ ಕೈಯಲ್ಲಿ ಇನ್ನೊಂದು ಅಸ್ತ್ರ ಇದೆ. ಆನ್‌ಲೈನ್ ಸೇವೆಗೆ ಸೇರುವಾಗ 'ಒಪ್ಪಿದೆ' ಅಂತ ಒತ್ತುತ್ತೀವಲ್ಲ, ಆ ಕರಾರಿನ ಪ್ರಕಾರ ಮಾರ್ಪಡಿಸಿದ ಯಂತ್ರವನ್ನು ನೆಟ್‌ವರ್ಕ್‌ನಿಂದ ಹೊರಗೆ ಹಾಕಬಹುದು. 2009ರಲ್ಲಿ ಮೈಕ್ರೋಸಾಫ್ಟ್ ಹೀಗೆ ಲಕ್ಷಗಟ್ಟಲೆ ಎಕ್ಸ್‌ಬಾಕ್ಸ್‌ಗಳನ್ನು ಒಂದೇ ಏಟಿಗೆ ಬ್ಯಾನ್ ಮಾಡಿತ್ತು. ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಬೇಕು. ಬ್ಯಾನ್ ಆದ ಯಂತ್ರ ನೋಡಲು ಒಳ್ಳೆಯದರ ಹಾಗೇ ಇರುತ್ತೆ. ಅಂಗಡಿಯಲ್ಲೇ ಆನ್‌ಲೈನ್ ಲಾಗಿನ್ ಮಾಡಿಸಿ ನೋಡಿದರೆ ಮಾತ್ರ ಗೊತ್ತಾಗೋದು. ಮಾರುವವರು ಮುಚ್ಚಿಟ್ಟರೆ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ಇದ್ದೇ ಇದೆ.

ರಿಪೇರಿ ಅಂಗಡಿ, ಗೇಮ್ ಪಾರ್ಲರ್‌ನವರಿಗೆ

ಫ್ಯಾನ್ ಬದಲಿಸುವುದು, ಧೂಳು ತೆಗೆಯುವುದು, ಎಚ್‌ಡಿಎಂಐ ಪೋರ್ಟ್ ಬೆಸುಗೆ, ಹಾರ್ಡ್‌ಡಿಸ್ಕ್ ಬದಲಾವಣೆ, ಜಾಯ್‌ಸ್ಟಿಕ್ ರಿಪೇರಿ, ಇವೆಲ್ಲ ಶುದ್ಧ ರಿಪೇರಿ. ಯಾರ ಅನುಮತಿಯೂ ಬೇಡ. ವಾರಂಟಿ ಇರುವ ಯಂತ್ರ ಬಿಚ್ಚುವ ಮೊದಲು ಗಿರಾಕಿಗೆ ಒಂದು ಮಾತು ಹೇಳಿದರೆ ಮುಂದಿನ ಜಗಳ ತಪ್ಪುತ್ತೆ, ಅಷ್ಟೇ.

ಆಟದ ಡಿಸ್ಕ್ ಬಾಡಿಗೆಗೆ ಕೊಡುವವರು ಗಮನಿಸಿ. ಕಂಪ್ಯೂಟರ್ ಪ್ರೋಗ್ರಾಂ ಬಾಡಿಗೆಗೆ ಕೊಡುವ ಹಕ್ಕೂ 14ನೇ ಕಲಂ ಪ್ರಕಾರ ಹಕ್ಕುದಾರರದ್ದೇ. ಒರಿಜಿನಲ್ ಡಿಸ್ಕ್ ಆದರೂ ಬಾಡಿಗೆಗೆ ಅನುಮತಿ ಬೇಕು. ಗಂಟೆ ಲೆಕ್ಕದಲ್ಲಿ ಆಡಿಸುವ ಪಾರ್ಲರ್‌ನವರು ಡಿಸ್ಕ್ ಮೇಲಿನ ಮತ್ತು ಕರಾರಿನ 'ಮನೆ ಬಳಕೆಗೆ ಮಾತ್ರ' ಎಂಬ ಷರತ್ತು ಓದಿಕೊಳ್ಳಬೇಕು. ಇನ್ನು ಜೈಲ್‌ಬ್ರೇಕ್ ಮಾಡಿದ ಯಂತ್ರ ಇಟ್ಟುಕೊಂಡು ಪಾರ್ಲರ್ ನಡೆಸಿದರೆ, ಲಾಭಕ್ಕಲ್ಲ ಅಂತ ಹೇಳುವ ದಾರಿಯೂ ಮುಚ್ಚಿಹೋಯಿತು.

ನ್ಯಾಯವಾದ ಉದ್ದೇಶಕ್ಕೆ, ಉದಾಹರಣೆಗೆ ವಿದ್ಯಾರ್ಥಿಯೊಬ್ಬರು ಲಿನಕ್ಸ್ ಹಾಕಿಕೊಡಿ ಅಂತ ಕೇಳಿಬಂದರೆ? ಇಲ್ಲಿ ಬಹಳ ಅಂಗಡಿಯವರಿಗೆ ಗೊತ್ತಿಲ್ಲದ ಒಂದು ನಿಯಮ ಇದೆ. 65ಎ ಕಲಂ ಪ್ರಕಾರ, ಬೇರೆಯವರಿಗೆ ಬೀಗ ದಾಟಲು ನೆರವಾಗುವವರು ಪೂರ್ತಿ ದಾಖಲೆ ಇಡಲೇಬೇಕು. ಆ ವ್ಯಕ್ತಿಯ ಹೆಸರು, ವಿಳಾಸ, ಗುರುತು ಹಿಡಿಯಲು ಬೇಕಾದ ವಿವರ, ಯಾವ ಉದ್ದೇಶಕ್ಕೆ ಮಾಡಿಕೊಟ್ಟಿರಿ ಅನ್ನುವುದು, ಇಷ್ಟೂ ಅದರಲ್ಲಿರಬೇಕು. ಸಿಮ್ ಕೊಡುವಾಗ ಇಡುವ ಹಾಗೆ ಒಂದು ರಿಜಿಸ್ಟರ್ ಇಡಿ, ಗಿರಾಕಿಯ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಹಿಂದೆಮುಂದೆ ನೋಡುವ ಗಿರಾಕಿಯ ಉದ್ದೇಶ ಏನು ಅಂತ ನಿಮಗೇ ಅರ್ಥವಾಗುತ್ತೆ.

ಯಾರಾದರೂ ಬಂದು 'ನಾವು ಕಂಪನಿಯವರು, ರೇಡ್' ಅಂದರೆ ಗಾಬರಿ ಬೀಳಬೇಡಿ. ಕಂಪನಿಯ ಪ್ರತಿನಿಧಿಗೆ ತಾನೇ ನಿಮ್ಮ ಸಾಮಾನು ಎತ್ತಿಕೊಂಡು ಹೋಗುವ ಅಧಿಕಾರ ಇಲ್ಲ. ಸಬ್ ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನ ಪೊಲೀಸ್ ಅಧಿಕಾರಿ ಬರಬೇಕು, ಇಲ್ಲವೇ ಕೋರ್ಟ್ ನೇಮಿಸಿದ ಕಮಿಷನರ್ ಆದೇಶದ ಪ್ರತಿ ಹಿಡಿದು ಬರಬೇಕು. ಸ್ಥಳದಲ್ಲೇ 'ಸೆಟಲ್ ಮಾಡಿಕೊಳ್ಳಿ' ಅಂತ ನಗದು ಕೇಳಿದರೆ 112ಕ್ಕೆ ಫೋನ್ ಮಾಡಿ. ಅಧಿಕಾರಿಯೇ ಬಂದಿದ್ದರೆ ಅಡ್ಡಿ ಮಾಡಬೇಡಿ, ಹಾರ್ಡ್‌ಡಿಸ್ಕ್ ಅಳಿಸಲು ಹೋಗಬೇಡಿ, ಅದು ಸಾಕ್ಷ್ಯ ನಾಶ ಆಗುತ್ತೆ. ಜಪ್ತಿ ಮಾಡಿದ ಪ್ರತಿ ವಸ್ತುವಿನ ಹೆಸರು ಇರುವ ಪಂಚನಾಮೆ ಪ್ರತಿ ಕೇಳಿ ಪಡೆಯಿರಿ. ಗಿರಾಕಿಗಳು ರಿಪೇರಿಗೆ ಕೊಟ್ಟಿದ್ದ ಯಂತ್ರಗಳೂ ಅದರಲ್ಲಿ ಸೇರಿಹೋಗಿದ್ದರೆ, 64ನೇ ಕಲಂ ಪ್ರಕಾರ ಜಪ್ತಿಯಾದ 15 ದಿನದೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ ವಾಪಸ್ ಕೇಳಬಹುದು. ಯಂತ್ರದ ಸೀರಿಯಲ್ ನಂಬರ್ ಬರೆದ ರಿಪೇರಿ ರಸೀದಿ ಇದ್ದರೆ ಆ ಅರ್ಜಿಗೆ ಬಲ ಬರುತ್ತೆ.